ವಿಂಡೋಸ್ ಬದಲಾವಣೆ: ಸಣ್ಣ ಸಂಘಗಳು ಅವಸರಪಡಬಾರದು, ಅಲಕ್ಷ್ಯವನ್ನೂ ಮಾಡಬಾರದು

ವಿಂಡೋಸ್ 10 ಎಂಬ ಗಣಕ ಕಾರ್ಯವ್ಯವಸ್ಥೆಗೆ ಅದರ ತಯಾರಕರಾದ ಮೈಕ್ರೋಸಾಫ್ಟ್ ಕಂಪನಿಯವರು 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದರು. ಅಂದಿನಿಂದ ಸಣ್ಣ ಸಂಘಗಳ ಕಾರ್ಯದರ್ಶಿಗಳೂ, ಮನೆಯಲ್ಲಿ ಒಂದು ಗಣಕಯಂತ್ರ ಇಟ್ಟುಕೊಂಡ ಬೆಳೆಗಾರ ಬಂಧುಗಳೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಇರುವ ಯಂತ್ರವನ್ನು ಮೂಲೆಗೆ ಹಾಕಿ ಹೊಸದನ್ನು ಕೊಳ್ಳಬೇಕೇ, ಅಥವಾ ಇದರಲ್ಲೇ ವಿಂಡೋಸ್ 11 ಹಾಕಿಸಬಹುದೇ? ಹಾಕಿಸಲು ಹೋದವರಲ್ಲಿ ಕೆಲವರದು ಅರ್ಧಕ್ಕೆ ನಿಂತಿದೆ. ಕೆಲವರದು ಪೂರ್ತಿಯಾಗಿಯೂ ‘ಸಕ್ರಿಯಗೊಂಡಿಲ್ಲ’ ಎಂಬ ಬರಹವನ್ನು ತೆರೆಯ ಮೂಲೆಯಲ್ಲಿ ತೋರಿಸುತ್ತ ಕುಳಿತಿದೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮೊದಲು ಒಂದು ಭಯವನ್ನು ನಿವಾರಿಸೋಣ. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಅದು ಎಂದಿನಂತೆ ಓಡುತ್ತದೆ, ಚೀಟಿ ಮುದ್ರಿಸುತ್ತದೆ, ಪಹಣಿ ತೆಗೆಯುತ್ತದೆ. ನಿಂತಿರುವುದು ತಿಂಗಳು ತಿಂಗಳೂ ಉಚಿತವಾಗಿ ಬರುತ್ತಿದ್ದ ಭದ್ರತಾ ತಿದ್ದುಪಡಿ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯದೆ ಬಿಟ್ಟ ಅಡಿಕೆ ತೋಟ ಮಾರನೆಯ ದಿನವೇ ಹಾಳಾಗುವುದಿಲ್ಲ. ಕೊಳೆ ಬಂದಾಗ ಮಾತ್ರ ತಡೆಯಲು ಏನೂ ಇರುವುದಿಲ್ಲ. ಇದೂ ಹಾಗೆಯೇ. ಹಿಂದೆ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಇದೇ ಗತಿಯಾಗಿತ್ತು. ಆಗ ಯಂತ್ರಗಳು ಬಹುಮಟ್ಟಿಗೆ ತಮ್ಮ ಪಾಡಿಗೆ ಲೆಕ್ಕ ಬರೆಯುತ್ತಿದ್ದವು. ಈಗ ಬ್ಯಾಂಕಿನ ವ್ಯವಹಾರ, ಬೆಳೆ ವಿಮೆಯ ಅರ್ಜಿ, ತೆರಿಗೆಯ ವಿವರ ಎಲ್ಲವೂ ಅಂತರ್ಜಾಲದ ಮೂಲಕವೇ ಹೋಗುತ್ತಿರುವುದರಿಂದ ಸದಸ್ಯರ ಖಾತೆಗಳಿರುವ ಯಂತ್ರವನ್ನು ವರ್ಷಾನುಗಟ್ಟಲೆ ಹಾಗೇ ಬಿಡುವುದು ತರವಲ್ಲ.

ತತ್ಕಾಲಕ್ಕೆ ಕಾಲಾವಕಾಶ ಕೊಳ್ಳುವ ದಾರಿಯೊಂದನ್ನು ಕಂಪನಿಯವರೇ ಇಟ್ಟರು. ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ತಿದ್ದುಪಡಿ ಎಂದು ಗೊತ್ತುಪಡಿಸಿ, ಅದಕ್ಕೆ 30 ಡಾಲರ್ ದರವಿಟ್ಟು, ಮೈಕ್ರೋಸಾಫ್ಟ್ ಖಾತೆಯೊಡನೆ ಯಂತ್ರದ ಹೊಂದಾಣಿಕೆಗಳನ್ನು ಜೋಡಿಸಿದವರಿಗೆ ಹಣವಿಲ್ಲದೆಯೂ ಕೊಟ್ಟರು. ಸಂಸ್ಥೆಗಳಿಗಾದರೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷವರ್ಷವೂ ಇಮ್ಮಡಿ, ಹೆಚ್ಚೆಂದರೆ ಮೂರು ವರ್ಷ. ಲೆಕ್ಕ ಹಾಕಿ ನೋಡಿರಿ. ಮೂರು ವರ್ಷಕ್ಕೆ 427 ಡಾಲರ್ ಆಗುತ್ತದೆ. ಹಳೆಯ ಯಂತ್ರಕ್ಕೆ ಇಷ್ಟು ಕೊಡುವ ಸಂಘಕ್ಕೆ ಆ ಹಣದಲ್ಲಿ ಹೊಸ ಯಂತ್ರದ ಬಹುಪಾಲು ಬಂದೀತು. ಒಂದು ವರ್ಷದ ಮಟ್ಟಿಗೆ ಉಸಿರಾಡಲು ಸರಿ, ಅದರಾಚೆ ಈ ದಾರಿ ನಮಗೆ ಹೇಳಿದ್ದಲ್ಲ.

ಇನ್ನು ಹೊಸ ವ್ಯವಸ್ಥೆ ಹಾಕುವ ಮಾತು. ವಿಂಡೋಸ್ 11ಕ್ಕೆ 4 ಜಿ.ಬಿ. ಸ್ಮರಣೆ, 64 ಜಿ.ಬಿ. ಸಂಗ್ರಹ ಸಾಕೆಂದು ಬರೆದಿದ್ದಾರೆ. ಬರೆದದ್ದು ಸರಿ, ಆದರೆ 4 ಜಿ.ಬಿ.ಯಲ್ಲಿ ಅದು ಗಾಡಿ ಎಳೆಯುವ ಮುದಿ ಎತ್ತಿನಂತೆ ನಡೆಯುತ್ತದೆ. 8 ಇರಲಿ ಎಂಬುದು ನಮ್ಮ ಸಲಹೆ. ನಿಜವಾದ ತಡೆ ಇರುವುದು ಬೇರೆ ಮೂರು ಕಡೆ. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ 8ನೆಯ ಪೀಳಿಗೆಯದು ಅಥವಾ ನಂತರದ್ದು ಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗ ಬೇಕು. ಸೆಕ್ಯೂರ್ ಬೂಟ್ ಎಂಬ ಏರ್ಪಾಡಿಗೆ ಯಂತ್ರ ಒಪ್ಪಬೇಕು. ಸಂಸ್ಕಾರಕ ಹಳೆಯದಾದರೆ ಮಾಡುವಂಥದ್ದೇನಿಲ್ಲ. ಆದರೆ ಉಳಿದೆರಡರಲ್ಲಿ ಅನೇಕ ಯಂತ್ರಗಳು ಅನ್ಯಾಯವಾಗಿ ‘ಅನರ್ಹ’ ಎನ್ನಿಸಿಕೊಳ್ಳುತ್ತವೆ. ಟಿ.ಪಿ.ಎಂ. ಯಂತ್ರದೊಳಗೆ ಇದ್ದೂ ಮುಚ್ಚಿಟ್ಟಿರುತ್ತದೆ. ಯಂತ್ರ ಚಾಲೂ ಆಗುವಾಗ ಬಯಾಸ್ ಪುಟಕ್ಕೆ ಹೋಗಿ, ಇಂಟೆಲ್ ಆದರೆ ಪಿ.ಟಿ.ಟಿ., ಎ.ಎಂ.ಡಿ. ಆದರೆ ಎಫ್‌ಟಿಪಿಎಂ ಎಂಬುದನ್ನು ತೆರೆದರೆ ಮುಗಿಯಿತು. ಡಿಸ್ಕು ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿದ್ದರೆ ಅದನ್ನು ಜಿ.ಪಿ.ಟಿ.ಗೆ ತಿರುಗಿಸುವ ಸಲಕರಣೆ ವಿಂಡೋಸ್ 10ರ ಒಳಗೇ ಇದೆ. ಕಡತ ಅಳಿಸದೆ ಮಾಡಬಹುದು, ಪ್ರತಿ ತೆಗೆದಿಟ್ಟುಕೊಂಡೇ ಮಾಡಬೇಕು. ‘ಹೊಸ ಯಂತ್ರವೇ ಬೇಕು’ ಎಂದು ಅಂಗಡಿಯಲ್ಲಿ ಹೇಳಿದೊಡನೆ ಮುಂಗಡ ಕೊಡುವ ಮೊದಲು ಕಂಪನಿಯವರದೇ ಆದ ಉಚಿತ ಪರೀಕ್ಷಾ ತಂತ್ರಾಂಶವನ್ನು ಓಡಿಸಿ, ಯಾವ ಕಾರಣಕ್ಕೆ ಅನರ್ಹ ಎಂದು ಓದಿಸಿಕೊಳ್ಳಿರಿ.

ಬಯಾಸ್ ಮುಟ್ಟುವ ಮುನ್ನ ಒಂದು ಎಚ್ಚರಿಕೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬದಲಾವಣೆಯ ನಂತರ ಯಂತ್ರ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕೇಳಬಹುದು. ಬೀಗ ಹಾಕಿದ್ದು ತಿಳಿಯದೆಯೇ ಅದು ಬಿದ್ದಿರುವುದುಂಟು. ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಬೇಕು. ಅದಿಲ್ಲದೆ ಆ ಡಿಸ್ಕಿನಲ್ಲಿರುವುದನ್ನು ಯಾವ ಪಂಡಿತನೂ ತೆಗೆದುಕೊಡಲಾರ.

ಹಾಕುವಾಗ ನಿಂತುಹೋದರೆ ತೆರೆಯ ಮೇಲೆ ಬರುವ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿಲ್ಲ. ‘ಏನೋ ನಂಬರ್ ಬಂತು, ಆಫ್ ಮಾಡಿದೆ’ ಎನ್ನುವವರೇ ಹೆಚ್ಚು. ಆ ಸಂಖ್ಯೆಯಲ್ಲೇ ರೋಗಲಕ್ಷಣ ಇರುತ್ತದೆ. 80070070 ಎಂದು ಬಂದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದಷ್ಟೇ ಅರ್ಥ. ಮದುವೆ ವಿಡಿಯೋಗಳನ್ನು ಬೇರೆಡೆಗೆ ಸಾಗಿಸಿದರೆ ಸರಿಹೋಗುತ್ತದೆ. ಸಿ1900101 ಎಂದು ಆರಂಭವಾದರೆ ಯಾವುದೋ ಬಿಡಿ ಉಪಕರಣದ ಚಾಲಕ ತಂತ್ರಾಂಶ ಅಡ್ಡ ಬಂದಿದೆ. ತೂಕದ ಯಂತ್ರದ ತಂತಿ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಬೆರಳಚ್ಚು ಸಾಧನ ಎಲ್ಲವನ್ನೂ ಕಳಚಿ, ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ಮತ್ತೆ ಪ್ರಯತ್ನಿಸಬೇಕು. ಸಿ1900208 ಆದರೆ ಹೊಂದದ ತಂತ್ರಾಂಶವೊಂದು ಒಳಗೆ ಕುಳಿತಿದೆ, ಅದನ್ನು ತೆಗೆದು ಮುಂದುವರಿಯಬೇಕು. ಇಷ್ಟಕ್ಕೆ ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕುತ್ತೇನೆ ಎನ್ನುವ ಹುಡುಗನಿಗೆ ಒಪ್ಪಿಗೆ ಕೊಡಬೇಡಿರಿ. ಅವನಿಗೆ ಅದು ಸುಲಭ, ನಿಮಗೆ ನಷ್ಟ. ಇದ್ದುದರ ಮೇಲೆಯೇ ಏರಿಸಿದರೆ ಕಡತಗಳು ಉಳಿಯುತ್ತವೆ. ಹಿಡಿಸದಿದ್ದರೆ 10 ದಿನಗಳೊಳಗೆ ಹಳೆಯದಕ್ಕೆ ಮರಳುವ ಅವಕಾಶವೂ ಇರುತ್ತದೆ. ಅಳಿಸಲೇಬೇಕಾದ ಸಂದರ್ಭ ಬಂದರೆ ಟ್ಯಾಲಿಯಂಥ ಲೆಕ್ಕದ ತಂತ್ರಾಂಶದ ಪರವಾನಗಿಯನ್ನು ಮೊದಲು ಅದರೊಳಗಿಂದಲೇ ಹಿಂದಿರುಗಿಸಿ ಆಮೇಲೆ ಕೈಹಾಕಬೇಕು.

ಸಕ್ರಿಯಗೊಳಿಸುವ ವಿಷಯದಲ್ಲಿ ನಮ್ಮ ಮಾತು ಸ್ವಲ್ಪ ಖಾರವಾಗಿದ್ದರೆ ಸದಸ್ಯರು ಮನ್ನಿಸಬೇಕು. ಸರಿಯಾದ ಪರವಾನಗಿಯುಳ್ಳ ವಿಂಡೋಸ್ 10ರಿಂದ 11ಕ್ಕೆ ಏರುವುದು ಉಚಿತ. ಹೊಸ ಕೀಲಿಯನ್ನು ಕೊಳ್ಳುವ ಅಗತ್ಯವೇ ಇಲ್ಲ. ಪರವಾನಗಿ ಯಂತ್ರದ ಮುಖ್ಯ ಫಲಕಕ್ಕೆ ಅಂಟಿಕೊಂಡಿರುತ್ತದೆ, ಅಂತರ್ಜಾಲಕ್ಕೆ ತಗಲಿದೊಡನೆ ತಾನಾಗಿ ಸಕ್ರಿಯವಾಗುತ್ತದೆ. ಆಗದಿದ್ದರೆ ಕಾರಣ ಬಹುಮಟ್ಟಿಗೆ ಈ ಮೂರರಲ್ಲೊಂದು. ಹೋಮ್ ಪರವಾನಗಿಯ ಯಂತ್ರಕ್ಕೆ ಪ್ರೊ ಆವೃತ್ತಿ ಹಾಕಿದ್ದಾರೆ. ಅದೇ ಹೋಮ್ ಹಾಕಿದರೆ ತಟ್ಟನೆ ಒಪ್ಪುತ್ತದೆ. ಅಥವಾ ಸಿಡಿಲು ಬಡಿದು ಮುಖ್ಯ ಫಲಕ ಬದಲಾಗಿದೆ. ಆಗ ಯಂತ್ರ ತನ್ನ ಗುರುತನ್ನೇ ಕಳೆದುಕೊಂಡಂತೆ. ನಮ್ಮ ಘಟ್ಟದ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಫಲಕ ಸುಡುವುದು ಹೊಸದೇನಲ್ಲ. ಪರವಾನಗಿಯನ್ನು ಮುಂಚಿತವಾಗಿ ಒಂದು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ ದೋಷ ಪರಿಹಾರಕದ ಮೂಲಕ ಅದನ್ನು ಮರಳಿ ಪಡೆಯುವ ಅವಕಾಶವಿದೆ. ಆದರೆ ಯಂತ್ರದೊಡನೆ ಬಂದ ಪರವಾನಗಿ ಹೊಸ ಫಲಕಕ್ಕೆ ಹೋಗಬೇಕೆಂಬ ಖಾತ್ರಿಯಿಲ್ಲ. ಬಿಡಿಯಾಗಿ ಕೊಂಡದ್ದಕ್ಕೆ ಮಾತ್ರ ಆ ಸ್ವಾತಂತ್ರ್ಯ. ಮೂರನೆಯದು, ಮೊದಲಿನ ವಿಂಡೋಸೇ ಕಳ್ಳಮಾಲು.

ಈ ಮೂರನೆಯದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮೂರಂಕಿಯ ಬೆಲೆಗೆ ‘ಆಜೀವ ಕೀಲಿ’ ಮಾರುವವರಿದ್ದಾರೆ. ಅಂಥವುಗಳಲ್ಲಿ ಅನೇಕವು ದೊಡ್ಡ ಸಂಸ್ಥೆಗಳಿಗೆ ಸಗಟಾಗಿ ಕೊಟ್ಟ ಕೀಲಿಗಳು. ಯಾವ ದಿನವಾದರೂ ರದ್ದಾಗಬಹುದು. ಇನ್ನು ಕೆಲವರು ಕೀಲಿಯೂ ಇಲ್ಲದೆ, ‘ಆಕ್ಟಿವೇಟರ್’ ಎಂಬ ಚಿಕ್ಕ ತಂತ್ರಾಂಶ ಓಡಿಸಿ ಹೋಗುತ್ತಾರೆ. ಅದು ಸಂಸ್ಥೆಗಳ 180 ದಿನದ ಸಗಟು ಪದ್ಧತಿಯನ್ನು ಅನುಕರಿಸಿ ಯಂತ್ರಕ್ಕೆ ಮಂಕುಬೂದಿ ಎರಚುವ ಉಪಾಯ. ಅದನ್ನು ಓಡಿಸಲು ವೈರಸ್ ತಡೆಯನ್ನು ಮೊದಲು ಮುಚ್ಚಬೇಕೆಂದು ಅವರೇ ಹೇಳುತ್ತಾರೆ. ಹಗೇವಿಗೆ ಬೀಗ ತೆಗೆದು, ಕಾವಲಿನವನನ್ನು ಮನೆಗೆ ಕಳಿಸಿ, ಆಮೇಲೆ ಅಪರಿಚಿತನನ್ನು ಒಳಗೆ ಬಿಟ್ಟಂತಾಯಿತು. ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ವಿವರ ಇರುವ ಯಂತ್ರದಲ್ಲಿ ಕೆಲವು ನೂರು, ಸಾವಿರ ರೂಪಾಯಿ ಉಳಿತಾಯಕ್ಕಾಗಿ ಹೀಗೆ ಮಾಡುವುದು ಆಡಳಿತ ಮಂಡಳಿಗೆ ಶೋಭೆಯಲ್ಲ. ವಿಂಡೋಸ್ 7 ಅಥವಾ 8ರ ಹಳೆಯ ಕೀಲಿಯಿಂದ ಹೊಸದನ್ನು ಸಕ್ರಿಯಗೊಳಿಸುವ ದಾರಿಯನ್ನೂ 2023ರ ಸೆಪ್ಟೆಂಬರಿನಲ್ಲಿ ಕಂಪನಿಯವರು ಮುಚ್ಚಿದರು; ‘ಹಳೇ ಸ್ಟಿಕ್ಕರ್ ಇದೆ’ ಎಂಬ ಧೈರ್ಯ ಈಗ ನಡೆಯದು.

ಕಂಪನಿಯ ಮೇಲೂ ನಮ್ಮ ಆಕ್ಷೇಪವಿದೆ. ಪಲ್ಪರ್ ಯಂತ್ರವನ್ನು ಕೊಂಡ ಬೆಳೆಗಾರ ಅದರ ಬಿಡಿಭಾಗ ಸಿಗುವವರೆಗೂ ಓಡಿಸುತ್ತಾನೆ. ಇಲ್ಲಿ ಬಿಡಿಭಾಗ ಕೆಡದೆಯೇ, ಕೆಲಸ ಮಾಡುತ್ತಿರುವ ಯಂತ್ರವನ್ನು ‘ಹಳೆಯದು’ ಎಂದು ದೂರದವರು ತೀರ್ಮಾನಿಸುತ್ತಾರೆ. ಅಂಥ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಅದನ್ನೇ ಬಳಸುತ್ತಾರೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳಿಗೂ ಅದು ಪರಿಚಿತ. ಪತ್ರ ಬರೆಯಲು, ಮಾರುಕಟ್ಟೆ ದರ ನೋಡಲು ಧಾರಾಳವಾಗಿ ಸಾಕು. ಲೆಕ್ಕದ ತಂತ್ರಾಂಶ, ಬೆರಳಚ್ಚು ಸಾಧನ ವಿಂಡೋಸನ್ನೇ ಬೇಡುವ ಕಡೆ ಮಾತ್ರ ತೊಡಕು.

ನಮ್ಮನ್ನು ಹೆಚ್ಚು ಕಾಡುವುದು ಕನ್ನಡದ ಕಡತಗಳ ಪ್ರಶ್ನೆ. ನುಡಿ, ಬರಹ ತಂತ್ರಾಂಶಗಳು ಬಂದ ಕಾಲದಿಂದ ಸಂಘಗಳ ನಡಾವಳಿ, ನೋಟೀಸು, ಷೇರುದಾರರ ಪಟ್ಟಿ ಎಲ್ಲವೂ ಅವುಗಳ ಅಕ್ಷರಶೈಲಿಯಲ್ಲೇ ಟೈಪಾಗಿವೆ. ಆ ಹಳೆಯ ಪದ್ಧತಿಯಲ್ಲಿ ಯಂತ್ರ ಒಳಗೆ ಇಟ್ಟುಕೊಳ್ಳುವುದು ರೋಮನ್ ಅಕ್ಷರಗಳನ್ನು. ಮೇಲೆ ಕನ್ನಡದ ಆಕಾರ ತೊಡಿಸಿ ತೋರಿಸುತ್ತದೆ. ಡಿಸ್ಕು ಅಳಿಸಿ ಹೊಸ ವಿಂಡೋಸ್ ಹಾಕಿ, ಆ ಅಕ್ಷರಶೈಲಿಯನ್ನು ಮತ್ತೆ ಹಾಕದಿದ್ದರೆ 20 ವರ್ಷದ ನಡಾವಳಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್ ಬಳಸಿದವರಿಗೆ ಈ ಅಪಾಯವಿಲ್ಲ. ನಮ್ಮ ನದಿಯ ಹೆಸರಿನ ‘ತುಂಗಾ’ ಅಕ್ಷರಶೈಲಿ ಎಕ್ಸ್‌ಪಿ ಕಾಲದಲ್ಲಿ ವಿಂಡೋಸ್ ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಿಂದ ಅದು ಕೇಳಿ ಹಾಕಿಸಿಕೊಳ್ಳಬೇಕಾದ ಐಚ್ಛಿಕ ವಸ್ತುವಾಯಿತು. ಆದರೂ ತುಂಗಾದಲ್ಲಿ ಬರೆದದ್ದು ಬೇರೆ ಅಕ್ಷರಶೈಲಿಯಲ್ಲಿ ಕನ್ನಡವಾಗಿಯೇ ಓದಿಸಿಕೊಳ್ಳುತ್ತದೆ, ಏಕೆಂದರೆ ಅದು ಯೂನಿಕೋಡ್.

ಇದು ಮಲೆನಾಡಿನ ತೊಂದರೆ ಮಾತ್ರವಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಊರಿನ ರೈತನ ಸಾಲದ ಖಾತೆಯೂ ಇಂಥದೇ ಯಂತ್ರಗಳನ್ನು ನಂಬಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್ 29ರಂದು 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರ ಕೊಟ್ಟರೆ ಸಾಲದು, ಐದಾರು ವರ್ಷಕ್ಕೊಮ್ಮೆ ಬರುವ ಈ ಬದಲಾವಣೆಗೆ ಹಣವನ್ನೂ ಆಳನ್ನೂ ಯಾರು ಕೊಡುತ್ತಾರೆ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಆ ಸೀಮೆಯ ಮಸ್ಕಿಯಲ್ಲೇ 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಅಶೋಕನ ಹೆಸರಿರುವ ಬಂಡೆ ಶಾಸನವನ್ನು ಕಂಡ. ಎರಡು ಸಾವಿರ ವರ್ಷಕ್ಕೂ ಮೀರಿ ಬಂಡೆ ಉಳಿದಿತ್ತು, ಅಕ್ಷರವೂ ಉಳಿದಿತ್ತು. ಆದರೆ 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸುವವರೆಗೆ ಅಂಥ ಬರಹವನ್ನು ಓದಬಲ್ಲವರೇ ಇರಲಿಲ್ಲ. ನಮ್ಮ ಸಂಘಗಳ 2005ರ ನಡಾವಳಿಗೆ ಆ ಗತಿ ಬರಲು ಶತಮಾನಗಳೇನೂ ಬೇಡ. ಒಂದು ಮಧ್ಯಾಹ್ನದ ಫಾರ್ಮ್ಯಾಟ್ ಸಾಕು.

ಆದ್ದರಿಂದ ವಿಂಡೋಸ್ ಬದಲಿಸುವುದಕ್ಕೆ ಮುನ್ನ ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸಬೇಕೆಂದು ನಮ್ಮ ಆಗ್ರಹ. ತಿರುಗಿಸುವ ಸಲಕರಣೆ ಆ ತಂತ್ರಾಂಶಗಳಲ್ಲಿಯೇ ಇದೆ. ಒತ್ತಕ್ಷರ ಅಲ್ಲಲ್ಲಿ ತಪ್ಪುವುದರಿಂದ ಕಣ್ಣಿಟ್ಟು ನೋಡುವವರು ಬೇಕು. ರಜೆಯಲ್ಲಿ ಮನೆಗೆ ಬರುವ ಕಾಲೇಜು ಮಕ್ಕಳಿಗೆ ಸಂಭಾವನೆ ಕೊಟ್ಟು ಈ ಕೆಲಸ ಮಾಡಿಸಬಹುದು. ಪರವಾನಗಿ ಜೋಡಿಸುವ ಖಾತೆ ಗುಮಾಸ್ತರ ಸ್ವಂತ ಮಿಂಚಂಚೆಯಲ್ಲಿರದೆ ಸಂಘದ ಹೆಸರಿನಲ್ಲಿರಲಿ. ಅವರು ಕೆಲಸ ಬಿಟ್ಟ ದಿನ ಪರವಾನಗಿಯೂ ಅವರೊಡನೆ ಹೋಗಬಾರದು. ಖಾತೆಯ ಹೆಸರು, ಆವೃತ್ತಿ, ಬಿಟ್‌ಲಾಕರ್ ಕೀಲಿ ಇವುಗಳನ್ನು ಮೊಹರು ಹಾಕಿದ ಲಕೋಟೆಯಲ್ಲಿಟ್ಟು ಆಸ್ತಿ ವಹಿಯಲ್ಲಿ ನಮೂದಿಸಬೇಕು.

ಕೊನೆಯದಾಗಿ ಕಾಲದ ಮಾತು. ಹಣ್ಣಡಿಕೆ ಕೊಯ್ಲು, ಕಾಫಿ ಕೊಯ್ಲು ನಡೆಯುವಾಗ, ಮಾರ್ಚ್ ಲೆಕ್ಕ ಮುಗಿಸುವಾಗ, ವಿಮೆಯ ಕಂತಿನ ಕೊನೆಯ ವಾರದಲ್ಲಿ ಇದಕ್ಕೆ ಕೈಹಾಕಬಾರದು. ಆಷಾಢದ ಬಿಡುವು ಒಳ್ಳೆಯದೆನಿಸುತ್ತದೆ, ಆದರೆ ಆಗ ನಮ್ಮ ಕಡೆ ವಿದ್ಯುತ್ತನ್ನು ನಂಬುವಂತಿಲ್ಲ. ಅರ್ಧದಲ್ಲಿ ಕರೆಂಟು ಹೋದರೆ ಯಂತ್ರ ಏಳದೆಯೇ ಹೋಗಬಹುದು. ಮಹಾನವಮಿ ಕಳೆದು, ಕೊಯ್ಲು ಆರಂಭವಾಗುವ ಮುಂಚಿನ ಒಂದು ಭಾನುವಾರ, ಯು.ಪಿ.ಎಸ್. ಬ್ಯಾಟರಿ ಪರೀಕ್ಷಿಸಿ, ಕಡತಗಳ ಎರಡು ಪ್ರತಿ ತೆಗೆದು ಒಂದನ್ನು ಅಧ್ಯಕ್ಷರ ಮನೆಯಲ್ಲಿಟ್ಟು, ಬೆಳಿಗ್ಗೆಯೇ ಪ್ರಾರಂಭಿಸುವುದು ಮೇಲು. 5 ಜಿ.ಬಿ.ಗೂ ಮೀರಿದ ಕಡತ ಇಳಿಯಬೇಕಾದ್ದರಿಂದ ಅದನ್ನು ಪೇಟೆಯಲ್ಲಿ ಮೊದಲೇ ಪೆನ್‌ಡ್ರೈವಿಗೆ ಇಳಿಸಿ ತರಬಹುದು. ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿದ್ದಾಗಿರಬೇಕು.