ಸಣ್ಣ ಡಿಕ್ಕಿ, ಬೀದಿಯ ಪಂಚಾಯ್ತಿ

ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದ ರಸ್ತೆಗಳು ಇಪ್ಪತ್ತು ವರ್ಷಗಳ ಹಿಂದಿನ ರಸ್ತೆಗಳಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಟ್ಯಾಕ್ಸಿಗಳು ಹೆಚ್ಚಿದವು. 2024ರ ಮಾರ್ಚ್‌ನಲ್ಲಿ ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗಿನ ಉಪನಗರ ವರ್ತುಲ ರಸ್ತೆ ಉದ್ಘಾಟನೆಯಾದ ಮೇಲೆ ಸುತ್ತಮುತ್ತ ಲಾರಿ, ಕಾರುಗಳ ಓಡಾಟ ಇನ್ನೂ ಜೋರಾಗಿದೆ. ಅದೇ ರಸ್ತೆಗಳಲ್ಲಿ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡ ಮೊಪೆಡ್ಡು, ದ್ರಾಕ್ಷಿ ತುಂಬಿದ ಟೆಂಪೊ, ಹಾಲಿನ ಕ್ಯಾನಿನ ಬೈಕು, ಶಾಲೆಯ ವ್ಯಾನು ಎಲ್ಲವೂ ಸಾಗಬೇಕು. ಹೀಗಿರುವಾಗ ಸಣ್ಣಪುಟ್ಟ ಡಿಕ್ಕಿಗಳು ದಿನನಿತ್ಯದ ಮಾತಾಗಿವೆ. ಯಾರಿಗೂ ಪೆಟ್ಟಾಗಿರುವುದಿಲ್ಲ. ಬಂಪರ್ ಮೇಲೆ ಗೀರು, ಒಡೆದ ಕನ್ನಡಿ, ಬಾಗಿಲಿಗೆ ನೆಗ್ಗು, ಅಷ್ಟೇ.

ಸರ್ಕಾರಿ ಎಂಜಿನಿಯರಾಗಿ ರಸ್ತೆಯ ಅಗಲ, ತಿರುವು, ಅಂದಾಜುಪಟ್ಟಿಗಳ ನಡುವೆ ಬದುಕು ಕಳೆದವನು ನಾನು. ರಸ್ತೆ ಹೇಗಿರಬೇಕು ಎಂಬುದನ್ನು ಇನ್ನೊಮ್ಮೆ ಬರೆಯಬಹುದು. ಈಗ ಬರೆಯುತ್ತಿರುವುದು ಡಿಕ್ಕಿಯಾದ ನಂತರದ ಅರ್ಧ ಗಂಟೆಯ ಬಗ್ಗೆ. ಆ ಅರ್ಧ ಗಂಟೆಯಲ್ಲಿ ನಾವು ನಡೆದುಕೊಳ್ಳುವ ರೀತಿ ಸರಿಯಿಲ್ಲ, ಅದರ ಹೊರೆ ಬಹುಪಾಲು ಬಲವಿಲ್ಲದವನ ತಲೆಯ ಮೇಲೆಯೇ ಬೀಳುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಏನಾಗುತ್ತದೆ ನೋಡಿ. ಕಾರಿನವರು ಇಳಿದು ಬಂದು ಮೊದಲು ಕೀ ಕಿತ್ತುಕೊಳ್ಳುತ್ತಾರೆ. ಜನ ಸೇರುತ್ತಾರೆ. ತಪ್ಪು ಯಾರದು ಎಂಬ ವಿಚಾರಣೆಗಿಂತ ಮೊದಲು ಬರುವ ಪ್ರಶ್ನೆ, "ಯಾವೂರಪ್ಪ ನಿಂದು? ಯಾರ ಕಡೆಯೋನು?" ಈ ಪ್ರಶ್ನೆಯ ಒಳಗೆ ಜಾತಿಯ ಪ್ರಶ್ನೆ ಇದೆ ಎಂಬುದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಊರಿನ ಪುಢಾರಿಯೊಬ್ಬರ ಹೆಸರು ಹೇಳಿದರೆ ದಂಡದ ಮೊತ್ತ ಇಳಿಯುತ್ತದೆ. ಹೇಳಲು ಹೆಸರಿಲ್ಲದವನಿಗೆ ಏರುತ್ತದೆ. ಸ್ಥಳೀಯರು ಹೆಚ್ಚಿದ್ದರೆ ದೊಡ್ಡ ಗಾಡಿಯವನದೇ ತಪ್ಪು, ಜನ ಇಲ್ಲದ ಕಡೆಯಾದರೆ ಸಣ್ಣ ಗಾಡಿಯವನದೇ ತಪ್ಪು. ಜಾತಿಯ ಲೆಕ್ಕವನ್ನು ಮನೆಯಿಂದ, ಮಠದಿಂದ, ಮದುವೆಯಿಂದ ಹೊರಗಿಡಬೇಕೆಂದು ಭಾಷಣ ಮಾಡುವ ನಾವು ರಸ್ತೆಯ ಪಂಚಾಯ್ತಿಯಲ್ಲಿ ಅದನ್ನು ಸುಮ್ಮನೆ ಒಪ್ಪಿಕೊಂಡು ನಿಲ್ಲುತ್ತೇವೆ.

ಶಿಡ್ಲಘಟ್ಟದ ರಸ್ತೆಯಲ್ಲಿ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಗೂಡಿನ ಚೀಲ ಹೊತ್ತ ಮೊಪೆಡ್ಡಿನ ಹ್ಯಾಂಡಲ್ ಕಾರಿನ ಹಿಂಬದಿಗೆ ಉಜ್ಜಿತ್ತು. ಕಾರಿನವರು ಎಂಟು ಸಾವಿರ ಕೇಳಿದರು. "ಸಾರ್, ಮಾರ್ಕೆಟ್‌ಗೆ ಹೊತ್ತಾಗ್ತದೆ, ಗೂಡು ಹಾಕ್ಬಿಟ್ಟು ಬರ್ತೀನಿ ಸಾರ್" ಎಂದು ಆತ ಬೇಡಿಕೊಂಡ. ಒತ್ತೆಯಾಗಿ ಅವನ ಮೊಬೈಲ್ ಇಟ್ಟುಕೊಂಡರು. ರೇಷ್ಮೆ ಬಲ್ಲವರಿಗೆ ಹೇಳಬೇಕಾಗಿಲ್ಲ: ಗೂಡು ತಡಮಾಡಿದಷ್ಟೂ ತೂಕ ಕಳೆಯುತ್ತದೆ, ಹರಾಜು ಮುಗಿದ ಮೇಲೆ ಹೋದರೆ ಬೆಲೆ ಇಲ್ಲ. ಅವನ ಒಂದು ಬೆಳೆಯ ಕಾಯಕವೆಲ್ಲ ಆ ಚೀಲದಲ್ಲಿತ್ತು. ಕಾರಿನ ಮೇಲಿದ್ದುದು ಒಂದು ಗೇಣು ಉದ್ದದ ಗೀರು.

ಕಾರಿಗೆ ಪೂರ್ಣ ವಿಮೆ ಮಾಡಿಸಿರುವವರು ಕೂಡ ಸ್ಥಳದಲ್ಲೇ ನಗದು ಕೇಳುವುದೇಕೆ? ಇದಕ್ಕೆ ಒಂದು ಲೆಕ್ಕವಿದೆ. ಬಂಪರಿನ ಬೆಲೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಬಿಡಿಭಾಗಗಳ ಮೇಲೆ ವಿಮಾ ಕಂಪನಿ ಶೇ 50ರಷ್ಟು ಸವಕಳಿ ಕಳೆಯುತ್ತದೆ. ಉಳಿದ 3,000ದಲ್ಲಿ, 1,500 ಸಿ.ಸಿ. ವರೆಗಿನ ಕಾರಾದರೆ, ಮಾಲೀಕರೇ ಭರಿಸಬೇಕಾದ ಕಡ್ಡಾಯ ಪಾಲು 1,000. ಕೈಗೆ ಬರುವುದು 2,000. ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆಗೆ ಹಣ ಕಟ್ಟಿದ್ದರೆ ಮಾತ್ರ ಈ ಲೆಕ್ಕ ಬೇರೆ. ಇನ್ನು ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ 50ರ ನೋ ಕ್ಲೇಮ್ ಬೋನಸ್ ಸಿಗುತ್ತಿರುತ್ತದೆ. ಆ ಕಂತು 8,000 ಇದ್ದರೆ ಬೋನಸ್ಸಿನ ಬೆಲೆ 4,000. ಎರಡು ಸಾವಿರಕ್ಕಾಗಿ ನಾಲ್ಕು ಸಾವಿರ ಕಳೆದುಕೊಳ್ಳಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಎದುರಿಗಿರುವವನ ಜೇಬಿಗೆ ಕೈ ಹಾಕುತ್ತಾರೆ. ಅಂದರೆ ಕಾರಿನವರ ಬೋನಸ್ಸನ್ನು ಮೊಪೆಡ್ಡಿನವನು ಉಳಿಸಿಕೊಡುತ್ತಿದ್ದಾನೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 132ನೇ ಕಲಮಿನ ಪ್ರಕಾರ, ಅಪಘಾತದಿಂದ ಬಾಧಿತರಾದವರು ಕೇಳಿದರೆ ಚಾಲಕ ತನ್ನ ಮತ್ತು ವಾಹನದ ಮಾಲೀಕರ ಹೆಸರು, ವಿಳಾಸ ಕೊಡಬೇಕು. ಆದರೆ ಕೇಳುವವರೂ ತಮ್ಮ ಹೆಸರು, ವಿಳಾಸ ಕೊಡಬೇಕೆಂಬ ಷರತ್ತು ಅದೇ ಕಲಮಿನಲ್ಲಿದೆ. ಇಬ್ಬರೂ ಸಮಾನರಾಗಿ ನಿಂತು ಪರಿಚಯ ಹೇಳಿಕೊಳ್ಳಬೇಕೆಂಬುದು ಅದರ ಭಾವ. 134ನೇ ಕಲಮಿನಂತೆ ಯಾರಿಗಾದರೂ ಗಾಯವಾಗಿದ್ದರೆ ಮೊದಲು ಚಿಕಿತ್ಸೆ. ಗಾಯವಾಗಿರಲಿ, ಬೇರೆಯವರ ಆಸ್ತಿಗೆ ಹಾನಿಯಾಗಿರಲಿ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಇನ್ನೊಬ್ಬರ ಕೀ, ಮೊಬೈಲ್ ಕಿತ್ತಿಟ್ಟುಕೊಳ್ಳುವ ಅಧಿಕಾರವನ್ನು ಯಾವ ಕಲಮೂ ಖಾಸಗಿ ವ್ಯಕ್ತಿಗೆ ಕೊಟ್ಟಿಲ್ಲ. ಬೆದರಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆ ಎನಿಸಿಕೊಳ್ಳುತ್ತದೆ. ಗೀರಿಗೆ ಪರಿಹಾರ ಕೇಳಲು ಹೋಗಿ ಅದಕ್ಕಿಂತ ದೊಡ್ಡ ಅಪರಾಧ ಮಾಡುತ್ತಿದ್ದೇವೆ ಎಂಬ ಅರಿವು ಬಹಳ ಜನಕ್ಕಿಲ್ಲ.

ತಪ್ಪು ಯಾರದು ಎಂಬುದೂ ಗುಂಪು ತಿಳಿದಷ್ಟು ಸುಲಭವಲ್ಲ. ಮುಂದಿನ ವಾಹನದಿಂದ ಸಾಕಷ್ಟು ಅಂತರ ಬಿಡುವುದು ಹಿಂದಿನವನ ಹೊಣೆ, ನಿಜ. ಆದರೂ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಕೊಯಮತ್ತೂರಿನ ಹೆದ್ದಾರಿಯೊಂದರ ಅಪಘಾತದ ಪ್ರಕರಣದಲ್ಲಿ, ಸೂಚನೆ ಕೊಡದೆ ಹಠಾತ್ತನೆ ಬ್ರೇಕ್ ಹಾಕಿದ ಕಾರಿನ ಚಾಲಕನ ಮೇಲೆ ಶೇ 50ರಷ್ಟು, ಬಸ್ಸಿನವನ ಮೇಲೆ ಶೇ 30ರಷ್ಟು, ಹಿಂದಿನಿಂದ ಬಂದ ಬೈಕ್ ಸವಾರನ ಮೇಲೆ ಶೇ 20ರಷ್ಟು ಹೊಣೆ ಹೊರಿಸಿತು. ಇಷ್ಟು ನಾಜೂಕಾಗಿ ತೂಗಬೇಕಾದ ವಿಷಯವನ್ನು ಟೀ ಅಂಗಡಿಯಿಂದ ಓಡಿಬಂದ ಹತ್ತು ಜನ ಎರಡು ನಿಮಿಷದಲ್ಲಿ ತೀರ್ಮಾನಿಸುತ್ತಾರೆ.

ಈಗ ವಿಮೆಯ ಮಾತು. ಬೇರೆಯವರಿಗೆ ಆಗುವ ಹಾನಿಗಾಗಿ ಮಾಡಿಸುವ ವಿಮೆ ನಮ್ಮ ದೇಶದಲ್ಲಿ 1946ರ ಜುಲೈ 1ರಿಂದಲೇ ಕಡ್ಡಾಯ. ಅದಕ್ಕೆ ಥರ್ಡ್ ಪಾರ್ಟಿ ಎನ್ನುತ್ತಾರೆ. ಕಂಪನಿ ಒಬ್ಬರು, ಹಣ ಕಟ್ಟುವವರು ಇನ್ನೊಬ್ಬರು, ಮೂರನೆಯವರು ರಸ್ತೆಯಲ್ಲಿ ಎದುರಾಗುವ ಅಪರಿಚಿತರು. ಆ ಮೂರನೆಯವರ ಊರನ್ನು, ಜಾತಿಯನ್ನು ಪಾಲಿಸಿಯ ಕಾಗದ ಕೇಳುವುದಿಲ್ಲ. ಯಾರೆಂದೇ ಗೊತ್ತಿಲ್ಲದವರಿಗಾಗಿ ವರ್ಷಕ್ಕೊಮ್ಮೆ ಎತ್ತಿಡುವ ಹಣ ಇದು. ದಾಸೋಹದ ಮನೆಯಲ್ಲಿ ಬೆಳೆದ ನಮಗೆ ಇದರ ಅರ್ಥ ಬೇಗ ಆಗಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, 75 ಸಿ.ಸಿ.ಗಿಂತ ಮೇಲ್ಪಟ್ಟು 150 ಸಿ.ಸಿ. ವರೆಗಿನ ಬೈಕಿಗೆ ಇದು ವರ್ಷಕ್ಕೆ 714 ರೂಪಾಯಿ. ಶೇ 18ರ ತೆರಿಗೆ ಸೇರಿದರೆ ಸುಮಾರು 843. ದಿನಕ್ಕೆ ಎರಡೂವರೆ ರೂಪಾಯಿಯೂ ಇಲ್ಲ. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಆದರೂ ಬೈಕುಗಳ ವಿಮೆ ತಪ್ಪುವುದೇಕೆ? 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಐದು ವರ್ಷ ಕಳೆಯುವಷ್ಟರಲ್ಲಿ ಬೈಕು ಒಮ್ಮೊಮ್ಮೆ ಕೈ ಬದಲಾಗಿರುತ್ತದೆ, ಕಾಗದ ಸೀಟಿನಡಿ ಮಾಸಿರುತ್ತದೆ, ದಿನಾಂಕ ಯಾರಿಗೂ ನೆನಪಿರುವುದಿಲ್ಲ. ಡಿಕ್ಕಿಯಾದ ದಿನವೇ ಅದು ಗೊತ್ತಾಗುವುದು. ವಿಮೆ ಇಲ್ಲದ ಸವಾರ ಠಾಣೆಯ ಹೆಸರು ಕೇಳಿದರೆ ಹೆದರುತ್ತಾನೆ, ಆ ಹೆದರಿಕೆಯನ್ನೇ ಬಳಸಿ ಕೇಳಿದಷ್ಟು ಹಣ ಕೀಳುತ್ತಾರೆ.

ವಿಮೆ ಇದ್ದರೂ ತೊಡಕು ಪೂರ್ತಿ ತೀರುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೂರನೆಯವರ ಆಸ್ತಿಹಾನಿಗೆ ಸಾಮಾನ್ಯವಾಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ, ಬೈಕಿನ ಪಾಲಿಸಿಯಲ್ಲಿ 1 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಕಂಪನಿ ಒಪ್ಪದಿದ್ದರೆ ಅದನ್ನು ಪಡೆಯಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು, ಕಾಯ್ದೆಯ ತಿದ್ದುಪಡಿ ಅದಕ್ಕೆ ಆರು ತಿಂಗಳ ಗಡುವನ್ನೂ ಹಾಕಿದೆ. ಐದು ಸಾವಿರದ ಬಂಪರಿಗೆ ವಕೀಲರನ್ನಿಟ್ಟು ಯಾರು ಹೋಗುತ್ತಾರೆ? ಇಂತಹ ಸಣ್ಣ ಮೊತ್ತಗಳನ್ನು ಎರಡೂ ಕಡೆಯ ಒಪ್ಪಿಗೆಯ ಕಾಗದದ ಮೇಲೆ ಕಂಪನಿಗಳೇ ನೇರವಾಗಿ ತೀರಿಸುವ ವ್ಯವಸ್ಥೆ ಬರಬೇಕು. ಯುರೋಪಿನ ಹಲವು ದೇಶಗಳಲ್ಲಿ ಚಾಲಕರು ಒಂದು ಮುದ್ರಿತ ನಮೂನೆಯನ್ನು ಕಾರಿನಲ್ಲೇ ಇಟ್ಟುಕೊಂಡಿರುತ್ತಾರೆ. ಡಿಕ್ಕಿಯಾದರೆ ಇಬ್ಬರೂ ಒಂದೇ ನಮೂನೆ ತುಂಬಿ, ನಕ್ಷೆ ಬರೆದು, ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತಲ್ಲ ಎಂದು ಅದರಲ್ಲೇ ಅಚ್ಚಾಗಿರುತ್ತದೆ. ಉಳಿದದ್ದು ಕಂಪನಿಗಳ ಕೆಲಸ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 2023ರ ಜನವರಿಯಲ್ಲಿ ಕಾರಿಗೆ ಡಿಕ್ಕಿ ಹೊಡೆದ ಸ್ಕೂಟರ್ ಸವಾರ ನಿಲ್ಲದೆ ಹೊರಟ. ತಡೆಯಲು ಸ್ಕೂಟರಿನ ಹಿಂಭಾಗ ಹಿಡಿದ 71 ವರ್ಷದ ಹಿರಿಯರನ್ನು ಸುಮಾರು ಒಂದು ಕಿಲೋಮೀಟರ್ ಎಳೆದೊಯ್ದ. 2025ರ ಅಕ್ಟೋಬರ್‌ನಲ್ಲಿ ಅದೇ ನಗರದ ಪುಟ್ಟೇನಹಳ್ಳಿ ಭಾಗದಲ್ಲಿ, ಕಾರಿನ ಕನ್ನಡಿಗೆ ಬೈಕು ತಾಗಿತೆಂಬ ಕಾರಣಕ್ಕೆ ದಂಪತಿ ಬೆನ್ನಟ್ಟಿ ಡಿಕ್ಕಿ ಹೊಡೆದರೆಂಬುದು ಪೊಲೀಸರ ಆರೋಪ. ಮನೆಮನೆಗೆ ಸಾಮಾನು ತಲುಪಿಸುತ್ತಿದ್ದ ಯುವಕ ಸತ್ತೇಹೋದ. ಒಂದು ಕನ್ನಡಿಯ ಬೆಲೆಗೆ ಒಂದು ಪ್ರಾಣ. ಬಂಪರ್ ಇರುವುದೇ ಪೆಟ್ಟು ತಿನ್ನಲಿಕ್ಕೆ. ನಿಧಾನದ ವೇಗದಲ್ಲಿ ತಾನು ಬಾಗಿ, ಒಡೆದು, ಹಿಂದಿನ ಭಾಗಗಳನ್ನು ಉಳಿಸಲೆಂದೇ ಅದನ್ನು ಮಾಡಿರುತ್ತಾರೆ. ಅದರ ಮೇಲಿನ ಗೀರನ್ನು ಮಾನಹಾನಿ ಎಂದುಕೊಂಡಾಗ ಅನಾಹುತ ಶುರುವಾಗುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಡಿಕ್ಕಿಯಾದರೆ ನಿಲ್ಲಿಸಿ, ಮೊದಲು ಎದುರಿನವರಿಗೆ ಪೆಟ್ಟಾಯಿತೇ ಎಂದು ವಿಚಾರಿಸಿ. ಪೆಟ್ಟಾಗಿದ್ದರೆ ರಸ್ತೆಯಲ್ಲಿ ರಾಜಿಯ ಮಾತೇ ಬೇಡ, 112ಕ್ಕೆ ಕರೆ ಮಾಡಿ. ಪೆಟ್ಟಾಗಿಲ್ಲದಿದ್ದರೆ ದೂರದಿಂದ ರಸ್ತೆ ಕಾಣುವಂತೆ ಒಂದು, ಎರಡೂ ವಾಹನ ಕಾಣುವಂತೆ ಒಂದು, ಹಾನಿಯ ಹತ್ತಿರದ್ದು ಒಂದು, ನಂಬರ್ ಪ್ಲೇಟುಗಳದ್ದು ಒಂದು ಫೋಟೊ ತೆಗೆದು ಗಾಡಿಗಳನ್ನು ಬದಿಗೆ ಸರಿಸಿ. ಹೆಸರು, ವಿಳಾಸ, ಪಾಲಿಸಿ ನಂಬರ್ ಕೊಟ್ಟು ಪಡೆದು ಅವರವರ ಕೆಲಸಕ್ಕೆ ಹೋಗಿ, 24 ಗಂಟೆಯೊಳಗೆ ಠಾಣೆಗೂ ವಿಮಾ ಕಂಪನಿಗೂ ತಿಳಿಸಿ. ಹಣದ ಮಾತು ಸ್ಥಳದಲ್ಲಿ ಬೇಡ. ಗ್ಯಾರೇಜಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಖರ್ಚಿನ ಚೀಟಿ ಬರೆಸಿ ಮಾರನೆಯ ದಿನ ಕೂತು ಮಾತಾಡಲಿ, ಕೊಟ್ಟದ್ದಕ್ಕೆ ರಶೀದಿ ಬರೆಯಲಿ. ಎಂಟು ಸಾವಿರವೆಂದು ಕೂಗಿದ್ದು ಎಷ್ಟೋ ಸಲ ಚೀಟಿಯಲ್ಲಿ ಎರಡು ಸಾವಿರಕ್ಕೆ ಇಳಿಯುತ್ತದೆ. ಅನುಕೂಲವಿದ್ದವರು, ಎದುರಿನವನ ಒಂದು ದಿನದ ದುಡಿಮೆಗಿಂತ ತಮ್ಮ ಗೀರು ದೊಡ್ಡದೇ ಎಂದು ಯೋಚಿಸಿ ಬಿಟ್ಟುಕೊಡಲಿ.

ಮಠಗಳಿಗೂ ಒಂದು ಮನವಿ. ಜಾತ್ರೆ, ಶರಣ ಸಂಗಮಗಳಿಗೆ ನೂರಾರು ವಾಹನಗಳು ಬರುತ್ತವೆ. ಅಲ್ಲಿ ಹಂಚುವ ಕರಪತ್ರಗಳ ಜೊತೆಗೆ ದಿನಾಂಕ, ಸಮಯ, ಸ್ಥಳ, ಎರಡೂ ವಾಹನಗಳ ವಿವರ, ನಕ್ಷೆಗೆ ಜಾಗ, ಎರಡು ಸಹಿ ಇರುವ ಅರ್ಧ ಹಾಳೆಯ ಕನ್ನಡ ನಮೂನೆಯನ್ನೂ ಅಚ್ಚು ಹಾಕಿಸಿ ಕೊಡಬಹುದು. ತಪ್ಪು ಯಾರದು ಎಂಬ ಕಾಲಮ್ಮು ಅದರಲ್ಲಿ ಬೇಡ, ಜಾತಿಯದಂತೂ ಬೇಡವೇ ಬೇಡ. ವಾಹನ ನಿಲ್ಲಿಸುವ ಬಯಲಿನಲ್ಲಿ ಸ್ವಯಂಸೇವಕರು ಬೈಕುಗಳ ವಿಮೆಯ ದಿನಾಂಕ ನೋಡಿ, ಮುಗಿದಿದ್ದರೆ ಒಂದು ಮಾತು ಹೇಳಿದರೂ ಸಾಕು.

ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದು ಕೇಳುವವರಿದ್ದಾರೆ. ಕೀ ಕಿತ್ತುಕೊಂಡು ಕೂಗಾಡಲು ಅರ್ಧ ಗಂಟೆ ಬೇಕು, ನಮೂನೆ ತುಂಬಲು ಹತ್ತು ನಿಮಿಷ ಸಾಕು. ಮುಂದಿನ ಸಲ ರಸ್ತೆಯಲ್ಲಿ ಗುಂಪು ಸೇರಿದ್ದು ಕಂಡರೆ ಓದುಗ ಬಂಧುಗಳು ಸುಮ್ಮನೆ ನೋಡುತ್ತಾ ನಿಲ್ಲಬೇಡಿ. "ಮೊದಲು ಅವನ ಕೀ ಕೊಡಿ, ಆಮೇಲೆ ಮಾತಾಡೋಣ" ಎಂದು ಹೇಳಿ.