ಬ್ರೇಕ್ ಇಲ್ಲದ ಸೈಕಲ್ಲು, ಅಂಗಳವಿಲ್ಲದ ನಗರ

ಇಂದಿರಾನಗರದ ನಮ್ಮ ಮನೆಯಲ್ಲಿ ಹದಿನೈದು ದಿನಗಳಿಂದ ಒಂದೇ ಚರ್ಚೆ. ಪಿಯುಸಿ ಓದುತ್ತಿರುವ ಮೊಮ್ಮಗ ತನ್ನ ಬಿಎಂಎಕ್ಸ್ ಸೈಕಲ್ಲಿಗೆ ಹೊಸ ಫ್ರೇಮ್ ಕೊಳ್ಳಬೇಕೆಂದಿದ್ದಾನೆ. 20 ಅಂಗುಲದ ಗಾಲಿಯ, ಗೇರ್‌ಗಳಿಲ್ಲದ, ಜಿಗಿತ ಮತ್ತು ಕಸರತ್ತಿಗೆಂದೇ ರೂಪುಗೊಂಡ ಸೈಕಲ್ ಅದು. ಅವನು ಮೆಚ್ಚಿದ ಫ್ರೇಮಿನಲ್ಲಿ ಬ್ರೇಕ್ ಕೂರಿಸಲು ಜಾಗವೇ ಇಲ್ಲ. ‘ಈಗ ಯಾರೂ ಬ್ರೇಕ್ ಹಾಕಿಸುವುದಿಲ್ಲ, ತಾತ’ ಎಂಬುದು ಅವನ ವಾದ. ಹಣ ಕೊಡಬೇಕಾದವನು ನಾನಾದ್ದರಿಂದ, ಹಳೆಯ ಅಭ್ಯಾಸದಂತೆ ವಿಷಯವನ್ನು ಕಡತದಂತೆ ಪರಿಶೀಲಿಸಿದೆ. ಪರಿಶೀಲಿಸುತ್ತ ಹೋದಂತೆ ಅದರೊಳಗೆ ನಗರಾಡಳಿತದ ಪ್ರಶ್ನೆಯೊಂದು ಕಾಣಿಸಿತು.

ಹುಡುಗನ ವಾದದಲ್ಲಿ ಹುರುಳಿಲ್ಲದಿಲ್ಲ. ಹ್ಯಾಂಡಲನ್ನು ಪೂರ್ಣ ಸುತ್ತು ತಿರುಗಿಸುವ ಕಸರತ್ತಿಗೆ ಬ್ರೇಕಿನ ಕೇಬಲ್ ಅಡ್ಡಿ. ಕೇಬಲ್ ಸುತ್ತಿಕೊಳ್ಳದಂತೆ ತಡೆಯುವ ‘ಜೈರೋ’ ಎಂಬ ಸಾಧನವಿದ್ದರೂ ಅದರಿಂದ ಬಿಡಿಭಾಗ, ದುರಸ್ತಿ ಎರಡೂ ಹೆಚ್ಚುತ್ತವೆ. ಕ್ರೀಡಾ ನಿಯಮಗಳೂ ಒಂದೇ ತೆರನಾಗಿಲ್ಲ. ವೆಲೊಡ್ರೋಮ್ ಪಂದ್ಯಗಳಲ್ಲಿ ಬ್ರೇಕ್ ನಿಷಿದ್ಧ. ಒಬ್ಬ ಹಠಾತ್ತನೆ ವೇಗ ತಗ್ಗಿಸಿದರೆ ಹಿಂದಿನವರು ಬೀಳುತ್ತಾರೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಸೇರಿದ ಬಿಎಂಎಕ್ಸ್ ರೇಸಿಂಗ್‌ನಲ್ಲಿ ಹಿಂದಿನ ಬ್ರೇಕ್ ಕಡ್ಡಾಯ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪ್ರವೇಶ ಪಡೆದ ಫ್ರೀಸ್ಟೈಲ್‌ನಲ್ಲಿ ಅನೇಕರು ಬ್ರೇಕಿಲ್ಲದೆ ಸ್ಪರ್ಧಿಸುತ್ತಾರೆ. ಅಂದರೆ ಬ್ರೇಕ್ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಸೈಕಲ್ ಓಡುವ ಜಾಗ.

ನಮ್ಮ ಹುಡುಗರ ಜಾಗ ಯಾವುದು? ನೂರಡಿ ರಸ್ತೆ, ಹಳೆ ಮದರಾಸು ರಸ್ತೆ, ರಸೆಲ್ ಮಾರುಕಟ್ಟೆಯ ಸುತ್ತಲಿನ ತಳ್ಳುಗಾಡಿಗಳ ಸಂದಣಿ, ಟಿನ್ ಫ್ಯಾಕ್ಟರಿ ಬಳಿ ಬಸ್ಸಿನಿಂದ ನೇರ ರಸ್ತೆಗೇ ಇಳಿಯುವ ಜನ. ಬಿಎಂಎಕ್ಸ್‌ನಲ್ಲಿ ಗಾಲಿ ಉರುಳುತ್ತಿದ್ದರೂ ಪೆಡಲ್ ನಿಲ್ಲಬಲ್ಲದು. ಹಾಗಾಗಿ ಪೆಡಲ್ ತಡೆದು ವೇಗ ತಗ್ಗಿಸುವಂತಿಲ್ಲ. ಬ್ರೇಕಿಲ್ಲದವನು ಶೂವನ್ನು ಹಿಂದಿನ ಟೈರಿಗೆ ಒತ್ತಿಯೇ ನಿಲ್ಲಿಸಬೇಕು. ಮಳೆಯಲ್ಲಿ ಅದೂ ಜಾರುತ್ತದೆ.

ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚವೆಂಬ ಪರಿಕಲ್ಪನೆಯಿದೆ. ಲಾಭ ಒಬ್ಬನದು, ತೆರುವವನು ಮತ್ತೊಬ್ಬ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಅದು ರಸ್ತೆಗಿಳಿದಿದ್ದ ವೆಲೊಡ್ರೋಮ್ ಮಾದರಿಯ ಸೈಕಲ್. ನರಹತ್ಯೆಯ ಆರೋಪದಿಂದ ಮುಕ್ತನಾದ ಸವಾರನಿಗೆ 2017ರಲ್ಲಿ, 1861ರ ಹಳೆಯ ಕಾಯ್ದೆಯೊಂದರ ಅಡಿ 18 ತಿಂಗಳ ಸೆರೆವಾಸ ವಿಧಿಸಲಾಯಿತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಸೈಕಲ್ ಬಡಿದು ಕಾಲು ಮುರಿದುಕೊಂಡ ಪಾದಚಾರಿ ತನ್ನ ಆಸ್ಪತ್ರೆ ಖರ್ಚಿಗೆ ಸವಾರನ ಮನೆಯ ಬಾಗಿಲನ್ನೇ ತಟ್ಟಬೇಕು.

ಹಾಗೆಂದ ಮಾತ್ರಕ್ಕೆ ನಿಷೇಧವೇ ಪರಿಹಾರವಲ್ಲ. ಬ್ರೇಕ್ ಮೌಂಟ್‌ಗಳನ್ನು ಸ್ಕ್ರೂ ಬಿಚ್ಚಿ ಕಳಚಬಹುದಾದ ಫ್ರೇಮ್‌ಗಳು ಮಾರುಕಟ್ಟೆಯಲ್ಲಿವೆ. ಇಂದು ಕಳಚಬಹುದು, ನಾಳೆ ಕೂರಿಸಬಹುದು. ಮೌಂಟ್ ಇಲ್ಲದ ಫ್ರೇಮ್ ಕೊಂಡವನಿಗೆ ಆ ಅವಕಾಶವಿಲ್ಲ. ಬೇಕಾದಾಗ ಶಿವಾಜಿನಗರದಲ್ಲಿ ವೆಲ್ಡಿಂಗ್ ಮಾಡಿಸಿದರಾಯಿತು ಎಂದು ಮೊಮ್ಮಗ ಹೇಳಿದ. ಆದರೆ ಒಳ್ಳೆಯ ಫ್ರೇಮಿನ ಕ್ರೋಮಾಲಿ ಉಕ್ಕಿನ ಕೊಳವೆ ತೆಳುವಾದದ್ದು. ಮತ್ತೆ ಕಾಯಿಸಿದರೆ ಅದರ ಬಲ ಕುಗ್ಗುವ ಅಪಾಯವಿದೆ. ಹಿಂದಿರುಗಲಾಗದ ತೀರ್ಮಾನವನ್ನು ಹದಿನೇಳನೆಯ ವಯಸ್ಸಿನಲ್ಲಿ ಕೈಗೊಳ್ಳದಿರುವುದೇ ವಿವೇಕ.

ಇಷ್ಟು ಮನೆಯ ಹೊಣೆ. ಉಳಿದದ್ದು ಆಡಳಿತದ್ದು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ರೂಪಿಸಿದ ತಾತ್ಕಾಲಿಕ ಸೈಕಲ್ ಪಥದೊಳಗೆ ಮೋಟಾರು ಬೈಕುಗಳು ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. 2025ರ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದವು. ಒಂದೊಂದು ಪಾಲಿಕೆಯೂ ಒಂದು ಚಿಕ್ಕ ಕಾಂಕ್ರೀಟ್ ಅಂಗಳವನ್ನು ಈ ಹುಡುಗರಿಗೆ ಮೀಸಲಿಟ್ಟರೆ ಬೊಕ್ಕಸವೇನೂ ಬರಿದಾಗದು. ಅಂಗಳದಲ್ಲಿ ಬ್ರೇಕ್ ಸವಾರನ ಇಚ್ಛೆ, ರಸ್ತೆಯಲ್ಲಿ ಕಡ್ಡಾಯ ಎಂಬ ನಿಯಮವನ್ನು ಆಗ ಯಾವ ಸಂಕೋಚವೂ ಇಲ್ಲದೆ ಜಾರಿಗೊಳಿಸಬಹುದು. ಅಂಗಳವನ್ನು ಕೊಡದೆ ನಿಯಮವನ್ನು ಮಾತ್ರ ಕೊಟ್ಟರೆ ಹುಡುಗರು ಅದನ್ನು ಮುರಿಯುತ್ತಾರೆ. ಪೆಟ್ಟು ತಿನ್ನುವವರು ಪಾದಚಾರಿಗಳು.

ಮೌಂಟ್ ಇರುವ ಫ್ರೇಮಿಗೆ ಹಣ ಕೊಡಲು ಒಪ್ಪಿದ್ದೇನೆ. ರಸ್ತೆಗಿಳಿಯುವಾಗ ಬ್ರೇಕ್ ಇರಲೇಬೇಕೆಂಬುದು ಷರತ್ತು. ಮೊಮ್ಮಗ ಒಪ್ಪಿ, ಒಂದೇ ಪ್ರಶ್ನೆ ಕೇಳಿದ: ‘ಕಳಚಿ ಓಡಿಸುವುದಕ್ಕೆ ಜಾಗ ಎಲ್ಲಿದೆ, ತಾತ?’ ಉತ್ತರಿಸಬೇಕಾದವರು ಪಾಲಿಕೆಗಳ ಕಚೇರಿಗಳಲ್ಲಿದ್ದಾರೆ.