ಎಲ್ಲರೂ ಒಟ್ಟಿಗೆ ಲೈಟ್ ಆರಿಸಿದರೆ ಗ್ರಿಡ್ ಕುಸಿಯುತ್ತದೆಯೇ?

2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ಲೈಟ್ ಆರಿಸಬೇಕೆಂಬ ಕರೆ ಬಂದಿತ್ತು. 'ಎಲ್ಲರೂ ಒಂದೇ ಸಲ ಸ್ವಿಚ್ ಆಫ್ ಮಾಡಿದರೆ ದೇಶವೇ ಕತ್ತಲಾಗುತ್ತದೆ' ಎಂಬ ಸಂದೇಶಗಳು ಆಗ ಹರಿದಾಡಿದವು. ಆ ರಾತ್ರಿ ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವಾಟ್ ಇಳಿಯಿತು. ಆದರೂ ಗ್ರಿಡ್ ಕುಸಿಯಲಿಲ್ಲ. ಏಕೆ?

ಒಂದೇ ಲಯ, ಯಜಮಾನನಿಲ್ಲ

ಅಂಬ್ಲಿಗೊಳದ ತೋಟದ ಪಂಪ್‌ಸೆಟ್‌ಗೆ ಬರುವ ಕರೆಂಟ್ ಸೆಕೆಂಡಿಗೆ ಸುಮಾರು 50 ಸಲ ಮಿಡಿಯುತ್ತದೆ. ಇದೇ ಫ್ರೀಕ್ವೆನ್ಸಿ. ಅದೇ ಕ್ಷಣದಲ್ಲಿ ದೆಹಲಿಯ ಫ್ಯಾನಿಗೂ ಅದೇ ಮಿಡಿತ. ಶರಾವತಿಯ ಜನರೇಟರ್‌ಗೂ ರಾಯಚೂರಿನ ಉಷ್ಣಸ್ಥಾವರಕ್ಕೂ ಪ್ರತಿ ಸುತ್ತಿಗೂ ತಾಳ ಹಾಕುವವರು ಯಾರೂ ಇಲ್ಲ.

ನೊಗಕ್ಕೆ ಕಟ್ಟಿದ ಜೋಡೆತ್ತು ನೆನಪಿಸಿಕೊಳ್ಳಿ. ಒಂದು ಮುಂದೆ ಹೋದರೆ ಭಾರ ಅದರ ಹೆಗಲಿಗೇ ಬಿದ್ದು ನಿಧಾನವಾಗುತ್ತದೆ. ಹಿಂದುಳಿದದ್ದರ ಭಾರ ಇಳಿದು ಅದು ಚುರುಕಾಗುತ್ತದೆ. ಜನರೇಟರ್‌ಗಳಿಗೆ ತಂತಿಯೇ ನೊಗ. ನೊಗ ಗಟ್ಟಿಯಾಗಿರಬೇಕು ಅಷ್ಟೆ. ಜಪಾನಿನ ಭೌತವಿಜ್ಞಾನಿ ಯೊಶಿಕಿ ಕುರಾಮೊಟೊ 1975ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು: ನಂಟು ಒಂದು ಮಿತಿ ದಾಟುವವರೆಗೆ ಎಲ್ಲರದೂ ತಮ್ಮದೇ ಲಯ. ದಾಟಿದ ಮೇಲೆ ಮೊದಲು ಕೆಲವು ಜೊತೆಗೂಡುತ್ತವೆ, ನಂಟು ಬಲವಾದಂತೆ ಉಳಿದವೂ ಸೇರುತ್ತವೆ.

ದಕ್ಷಿಣ ಸೇರಿದ್ದು ಕೊನೆಗೆ

ದೇಶದ ಗ್ರಿಡ್ ಕೂಡ ಹಂತಹಂತವಾಗಿಯೇ ಒಂದಾಯಿತು. 1991ರಲ್ಲಿ ಪೂರ್ವ ಮತ್ತು ಈಶಾನ್ಯ, 2003ರಲ್ಲಿ ಪಶ್ಚಿಮ, 2006ರಲ್ಲಿ ಉತ್ತರ. ದಕ್ಷಿಣ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ. ಅದಕ್ಕೂ ಮೊದಲು ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಕರೆಂಟ್ ಬರುತ್ತಿತ್ತು. ಆದರೆ ಅದು ಡಿಸಿ ಮಾರ್ಗ: ವಿದ್ಯುತ್ ದಾಟುತ್ತದೆ, ಲಯ ದಾಟುವುದಿಲ್ಲ.

ಹೀಗಾಗಿಯೇ 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದಾಗ ಕರ್ನಾಟಕದಲ್ಲಿ ಕರೆಂಟ್ ಇತ್ತು. ಒಂದೇ ಲಯದಲ್ಲಿದ್ದರೆ ಕಷ್ಟಕ್ಕೆ ಎಲ್ಲರೂ ಹೆಗಲು ಕೊಡುತ್ತಾರೆ. ಒಬ್ಬರ ಮುಗ್ಗರಿಕೆ ಎಲ್ಲರಿಗೂ ತಟ್ಟಲೂಬಹುದು.

ಹಾಗಾದರೆ ಆ ಸಂದೇಶ?

ಅರ್ಧ ನಿಜ. ಬೇಡಿಕೆ ಹಠಾತ್ತನೆ ಇಳಿದರೆ ಎಲ್ಲ ಜನರೇಟರ್‌ಗಳೂ ಒಟ್ಟಿಗೇ ವೇಗ ಪಡೆಯುತ್ತವೆ, ಅತಿಯಾದರೆ ಅಪಾಯ. ಆದರೆ ಆರಿಸಬೇಕಿದ್ದದ್ದು ಮನೆಯ ಲೈಟ್ ಮಾತ್ರ, ಫ್ರಿಜ್, ಫ್ಯಾನ್, ಬೀದಿದೀಪಗಳನ್ನಲ್ಲ. ಸಮಯವೂ ಮೊದಲೇ ಗೊತ್ತಿತ್ತು. ನೀರಿನ ಹರಿವು ತಗ್ಗಿಸಿದರೆ ಜಲವಿದ್ಯುತ್ ಬೇಗ ಇಳಿಯುತ್ತದೆ. ಅಂದು ದೇಶದಾದ್ಯಂತ ಸುಮಾರು 17,500 ಮೆಗಾವಾಟ್ ಇಳಿಸಲಾಯಿತು. ಫ್ರೀಕ್ವೆನ್ಸಿ 49.70 ಮತ್ತು 50.26ರ ನಡುವೆಯೇ ಉಳಿಯಿತು.

ಮುಂದಿನ ಸಲ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ: ಅಪಾಯ ಹೇಳಿದವರು, ಅದನ್ನು ತಡೆಯುವ ಸಿದ್ಧತೆಯನ್ನೂ ಹೇಳಿದ್ದಾರೆಯೇ?